ಚೀಟಿಯೂ ಚಿಕಿತ್ಸೆಯೂ

ಹರಿಹರದಲ್ಲಿ ತುಂಗಭದ್ರೆಯ ದಡಕ್ಕೆ ಸಮೀಪವಾದ ಒಂದು ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಈ ಮನೆ ಕಲ್ಪಿತವಾದದ್ದು. ಆದರೆ ಇಂಥ ಮನೆಯಿಲ್ಲದ ಊರು ಅಪೂರ್ವ. ಮನೆಯ ಯಜಮಾನರು ಯಂತ್ರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ವಿಶ್ರಾಂತರಾದವರು. ಅವರ ಪತ್ನಿಗೆ ಕ್ಯಾನ್ಸರು ರೋಗವುಂಟಾಗಿ ದಾವಣಗೆರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ರೋಗವು ಹತೋಟಿಗೆ ಬರುತ್ತಿದೆಯೆಂದು ವೈದ್ಯರು ಹೇಳುತ್ತಾರೆ. ಆದರೆ ಚಿಕಿತ್ಸೆಯ ಉಗ್ರತೆಯಿಂದ ಆಕೆಗೆ ಅನ್ನ ಕಂಡರೆ ವಾಕರಿಕೆ, ಅಂಗಾಲುಗಳಲ್ಲಿ ಉರಿ, ರಾತ್ರಿ ನಿದ್ರೆಯೆಂಬುದಿಲ್ಲ. ಕ್ಯಾಲಿಫೋರ್ನಿಯದಲ್ಲಿರುವ ಮಗನು ಒಂದು ಸಂಜೆ ದೂರವಾಣಿಯಲ್ಲಿ ಹೇಳುತ್ತಾನೆ: “ಅಪ್ಪಾ, ಈ ಬಾಧೆಗೆ ಇಲ್ಲಿ ಗಾಂಜಾದಿಂದ ಮಾಡಿದ ಔಷಧ ಕೊಡುತ್ತಾರೆ. ವೈದ್ಯರ ಮನೆಗೆ ಹೋಗಬೇಕೆಂದಿಲ್ಲ. ಮೊಬೈಲಿನಲ್ಲಿಯೇ ಹತ್ತು ನಿಮಿಷ ಮಾತನಾಡಿದರೆ ಆಯಿತು, ಕಾರ್ಡು ಬರುತ್ತದೆ. ನಮ್ಮ ದೇಶದಲ್ಲಿಯೂ ಆಯುರ್ವೇದದ ವೈದ್ಯರು ಹೀಗೆಯೇ ಚೀಟಿ ಬರೆದು ವಿಜಯಾ ತೈಲ ಕೊಡುತ್ತಾರಂತೆ. ಅವ್ವನಿಗೆ ಯಾಕೆ ನೋಡಬಾರದು?”

ಯಜಮಾನರು ಸುಮ್ಮನಾಗುತ್ತಾರೆ. ಅವರ ಬಾಲ್ಯದಿಂದ ಆ ಮನೆಯಲ್ಲಿ ‘ಭಂಗಿ ಸೇದುವವನು’ ಎಂಬುದು ಒಂದು ಬೈಗುಳ. ಅದೇ ವೇಳೆಗೆ ದಾವಣಗೆರೆಯ ಕಾಲೇಜಿನಲ್ಲಿ ಓದುತ್ತಿರುವ ಅವರ ತಮ್ಮನ ಮಗನು, ಅರ್ಧ ವಿನೋದವಾಗಿ ಅರ್ಧ ನಿಜವಾಗಿ, “ದೊಡ್ಡಪ್ಪಾ, ಆ ವೈದ್ಯರ ವಿಳಾಸ ನನಗೂ ಇರಲಿ. ಪರೀಕ್ಷೆಯ ಕಾಲದಲ್ಲಿ ನನಗೂ ನಿದ್ರೆ ಬರುವುದಿಲ್ಲ. ಬೆನ್ನುನೋವೆಂದರೆ ಕೊಡುತ್ತಾರೆ” ಎನ್ನುತ್ತಾನೆ.

ವೈದ್ಯ ಒಬ್ಬನೇ, ಗಾಜಿನ ಫಲಕ ಒಂದೇ, ಕೇಳುವ ಮಾತೂ ಒಂದೇ. ಕೇಳುವವರು ಇಬ್ಬರು. ಇವರಿಬ್ಬರ ಯಾಚನೆಗಳಲ್ಲಿ ಭೇದವುಂಟೆಂದು ಯಾರ ಅಂತಃಕರಣವಾದರೂ ಹೇಳುತ್ತದೆ. ಆದರೆ ಆ ಭೇದವು ಯಾವುದು, ಅದು ಎಲ್ಲಿ ನಿಂತಿದೆ, ಅದನ್ನು ಕಾಯತಕ್ಕವರು ಯಾರು ಎಂಬುದೇ ಇಲ್ಲಿ ವಿಚಾರಕ್ಕೆ ಬಂದಿರುವ ಪ್ರಶ್ನೆ.

ಮೊದಲು ಕಾರ್ಡೆಂದರೇನೆಂಬುದನ್ನು ತಿಳಿಯಬೇಕು. 1996ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮತದಾರರು 215ನೆಯ ಪ್ರಸ್ತಾವವನ್ನು ಅಂಗೀಕರಿಸಿ, ವೈದ್ಯನ ಮಾತಿನ ಮೇಲೆ ರೋಗಿಯು ಗಾಂಜಾವನ್ನು ಉಪಯೋಗಿಸಬಹುದೆಂದರು. ಅಮೆರಿಕದ ಸಂಸ್ಥಾನಗಳಲ್ಲಿ ಹೀಗೆ ಮಾಡಿದುದು ಅದೇ ಮೊದಲು. ಆದರೆ 1970ರ ಒಕ್ಕೂಟದ ಕಾಯಿದೆಯು ಆ ಗಿಡವನ್ನು ಅತ್ಯಂತ ಕಠಿಣವಾದ ಮೊದಲನೆಯ ಅನುಸೂಚಿಯಲ್ಲಿ ಇಟ್ಟಿದ್ದಿತು. ಆದಕಾರಣ ವೈದ್ಯನು ಬೇರೆ ಔಷಧಗಳಿಗೆ ಬರೆಯುವಂತೆ ಇದಕ್ಕೆ ಚೀಟಿ ಬರೆಯುವಂತಿರಲಿಲ್ಲ. ಈ ರೋಗಿಗೆ ಇದರಿಂದ ಉಪಕಾರವಾದೀತೆಂದು ಶಿಫಾರಸು ಮಾತ್ರ ಮಾಡಬಹುದಾಗಿತ್ತು. ಆ ಶಿಫಾರಸಿನ ಆಧಾರದ ಮೇಲೆ ದೊರೆಯುವುದು ಕಾರ್ಡು. ಮುಂದೆ ಅನೇಕ ಸಂಸ್ಥಾನಗಳು ಇದೇ ಮಾರ್ಗವನ್ನು ಹಿಡಿದವು. 2020ರ ಸಾಂಕ್ರಾಮಿಕದ ತರುವಾಯ ವೈದ್ಯನ ಭೇಟಿಯು ಬಹುಮಟ್ಟಿಗೆ ಗಾಜಿನ ಫಲಕಕ್ಕೆ ಬಂದಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಔಷಧದ ಚೀಟಿಯು ಯಾವುದನ್ನು, ಎಷ್ಟು, ಯಾವಾಗ, ಎಷ್ಟು ದಿನ ಎಂದು ಹೇಳುತ್ತದೆ. ಕಾರ್ಡು ‘ಕೊಳ್ಳಬಹುದು’ ಎಂದು ಮಾತ್ರ ಹೇಳುತ್ತದೆ. ಒಂದು ಚಿಕಿತ್ಸೆ, ಇನ್ನೊಂದು ಅನುಮತಿ.

ಭಾರತದಲ್ಲಿ ಇಂಥ ಕಾರ್ಡಿಲ್ಲ. ಮಗನ ಕಾರ್ಡಿಗೆ ಈ ದೇಶದಲ್ಲಿ ಬೆಲೆಯೂ ಇಲ್ಲ. ಅದನ್ನು ನಂಬಿ ಅಲ್ಲಿಂದ ಏನನ್ನಾದರೂ ತಂದರೆ ಅದು ಅಪರಾಧವಾಗುತ್ತದೆ. ಇಲ್ಲಿ ನಡೆಯುವುದು 1985ರ ಮಾದಕದ್ರವ್ಯಗಳ ಕಾಯಿದೆ. ಅದರ ನಿರ್ವಚನದಂತೆ ಗಾಂಜಾ ಎಂದರೆ ಗಿಡದ ಹೂವು ಕಾಯಿಗಳುಳ್ಳ ತುದಿಗಳು. ಆ ತುದಿಗಳೊಡನೆ ಕೂಡಿರದ ಎಲೆಯೂ ಬೀಜವೂ ಅದರಲ್ಲಿ ಸೇರುವುದಿಲ್ಲ. 2022ರ ಆಗಸ್ಟಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಜಾಮೀನಿನ ಅರ್ಜಿಯೊಂದನ್ನು ವಿಚಾರಿಸುವಾಗ, ಭಂಗಿಯೆಂಬುದು ಆ ಕಾಯಿದೆಯಲ್ಲಿ ಹೆಸರು ಹಿಡಿದು ನಿಷೇಧಿಸಿದ ವಸ್ತುವಲ್ಲವೆಂದಿತು. ಎಲೆಯ ವಿಷಯವನ್ನು ಪ್ರಾಂತಗಳ ಅಬಕಾರಿ ನಿಯಮಗಳು ನೋಡಿಕೊಳ್ಳುತ್ತವೆ. ಈ ಎಲೆಯ ದಾರಿಯಿಂದಲೇ ಆಯುರ್ವೇದದ ವಿಜಯಾ ಔಷಧಗಳು ಬಂದಿರುವುದು. 2020ರಲ್ಲಿ ಬೆಂಗಳೂರಿನಲ್ಲಿ ಇದಕ್ಕಾಗಿಯೇ ಒಂದು ಚಿಕಿತ್ಸಾಲಯವು ತೆರೆಯಲ್ಪಟ್ಟಿತು. ದೂರವಾಣಿಯ ಮೂಲಕ ಆಯುರ್ವೇದ ವೈದ್ಯರ ಚೀಟಿ ಪಡೆದು ತೈಲವನ್ನು ತರಿಸಿಕೊಳ್ಳುವ ವ್ಯವಸ್ಥೆಯೂ ದೇಶದಲ್ಲಿ ಹಬ್ಬಿತು. ಮಗನು ಕೇಳಿದ ಸುದ್ದಿ ಸುಳ್ಳಲ್ಲ.

ಈ ವಸ್ತುವು ಹಿಂದಿನವರಿಗೆ ಅಪರಿಚಿತವೂ ಅಲ್ಲ. ಅಥರ್ವವೇದವು ಹೆಸರಿಸುವ ಐದು ಶ್ರೇಷ್ಠ ಸಸ್ಯಗಳ ಸಾಲಿನಲ್ಲಿ ಭಂಗವೂ ಒಂದು. ಮಧ್ಯಕಾಲದ ವೈದ್ಯಗ್ರಂಥಗಳಲ್ಲಿ ಇದರ ಪ್ರಸ್ತಾಪ ವಿಶೇಷವಾಗಿದೆ. ಶಾರ್ಙ್ಗಧರನು, ಜೀರ್ಣವಾಗುವುದಕ್ಕೆ ಮೊದಲೇ ದೇಹವನ್ನೆಲ್ಲ ವ್ಯಾಪಿಸುವ ‘ವ್ಯವಾಯಿ’ ದ್ರವ್ಯಗಳಿಗೆ ಭಂಗವನ್ನೂ ಅಫೀಮನ್ನೂ ಉದಾಹರಣೆಯಾಗಿ ಕೊಡುತ್ತಾನೆ. ಹದಿನಾರನೆಯ ಶತಮಾನದ ಭಾವಮಿಶ್ರನು ಜಠರಾಗ್ನಿಯನ್ನು ಹೆಚ್ಚಿಸುವ ಗುಣವನ್ನೂ ಮೋಹಮದಗಳನ್ನು ಹೆಚ್ಚಿಸುವ ದೋಷವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಜಾತೀಫಲಾದಿ ಚೂರ್ಣವೆಂಬ ಪ್ರಸಿದ್ಧ ಔಷಧದಲ್ಲಿ ಇದು ಒಂದು ದ್ರವ್ಯ. ಈಗಿನ ಔಷಧನಿಯಮಗಳಲ್ಲಿಯೂ ಭಂಗವು ವಿಷದ್ರವ್ಯಗಳ ಪಟ್ಟಿಯಲ್ಲಿ ದತ್ತೂರ, ವತ್ಸನಾಭಗಳ ಜೊತೆಗೆ ಇದೆ. ಇವುಗಳನ್ನು ಸೇರಿಸಿದ, ಹೊಟ್ಟೆಗೆ ಕೊಡುವ ಔಷಧದ ಮೇಲೆ ‘ವೈದ್ಯನ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕದ್ದು’ ಎಂಬ ಎಚ್ಚರಿಕೆಯನ್ನು ಅಚ್ಚು ಹಾಕಬೇಕು.

ಆಧುನಿಕ ವಿಜ್ಞಾನದ ಅಭಿಪ್ರಾಯವೂ ಇದಕ್ಕೆ ತೀರ ದೂರವಾಗಿಲ್ಲ. 1839ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಓಶಾನಸಿಯೆಂಬ ಪ್ರಾಧ್ಯಾಪಕನು ಇದರ ಪ್ರಯೋಗಗಳನ್ನು ಪ್ರಕಟಿಸಿದ ಮೇಲೆ ಪಾಶ್ಚಾತ್ಯ ವೈದ್ಯರು ಇದನ್ನು ಕೈಗೆತ್ತಿಕೊಂಡರು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ವಿದ್ವತ್ಪರಿಷತ್ತುಗಳು ಸಾವಿರಾರು ಸಂಶೋಧನೆಗಳನ್ನು ಪರಿಶೀಲಿಸಿ, ವಯಸ್ಕರ ದೀರ್ಘಕಾಲದ ನೋವು, ಕ್ಯಾನ್ಸರಿನ ಔಷಧಗಳಿಂದಾಗುವ ವಾಂತಿ, ಒಂದು ಬಗೆಯ ನರವ್ಯಾಧಿಯಲ್ಲಿ ಕಾಣುವ ಸೆಳೆತ, ಈ ಮೂರಕ್ಕೆ ಪ್ರಯೋಜನವುಂಟೆಂಬುದಕ್ಕೆ ಸಾಕಷ್ಟು ಆಧಾರವಿದೆಯೆಂದವು. ಅದೇ ಗ್ರಂಥದಲ್ಲಿ ಚಿತ್ತಭ್ರಮೆಯ ರೋಗಗಳಿಗೂ ಇದಕ್ಕೂ ಇರುವ ಸಂಬಂಧವನ್ನು ಹೇಳಿದವು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗವು 27ಕ್ಕೆ 25 ಮತಗಳಿಂದ ಈ ಗಿಡವನ್ನು ಅತಿ ಅಪಾಯಕರವಾದವುಗಳ ಪಟ್ಟಿಯಿಂದ ತೆಗೆಯಿತು. ಭಾರತವು ತೆಗೆಯಬೇಕೆಂಬ ಪಕ್ಷಕ್ಕೆ ಮತ ಕೊಟ್ಟಿತು. ಆದರೆ ನಿಯಂತ್ರಣವು ತಪ್ಪಲಿಲ್ಲ. ಇನ್ನೊಂದು ಪಟ್ಟಿಯಲ್ಲಿ ಅದು ಉಳಿಯಿತು.

ಹರಿಹರದ ದೇವಾಲಯದಲ್ಲಿ ಒಂದೇ ವಿಗ್ರಹದ ಅರ್ಧ ಹರನೂ ಅರ್ಧ ಹರಿಯೂ ಆಗಿದ್ದಾನೆ. 1224ರ ಸುಮಾರಿನಲ್ಲಿ ಹೊಯ್ಸಳ ನರಸಿಂಹನ ಮಂತ್ರಿಯಾದ ಪೋಳಾಳ್ವನು ಈ ಗುಡಿಯನ್ನು ಕಟ್ಟಿಸಿದನು. ಸಮುದ್ರಮಥನದ ಕಥೆಯನ್ನು ಬಲ್ಲವರಿಗೆ ಆ ವಿಗ್ರಹದ ಮುಂದೆ ಇನ್ನೊಂದು ಅರ್ಥವೂ ಹೊಳೆಯಬಹುದು. ವಿಷವನ್ನು ಕಂಠದಲ್ಲಿ ತಡೆದವನು ಒಂದು ಪಾರ್ಶ್ವ. ಧನ್ವಂತರಿಯಾಗಿ ಅಮೃತಕಲಶವನ್ನು ತಂದವನು ಇನ್ನೊಂದು ಪಾರ್ಶ್ವ. ಕಡಲು ಒಂದೇ ಆಗಿತ್ತು. ಯುಕ್ತಿಯಿಂದ ಯೋಜಿಸಿದರೆ ತೀಕ್ಷ್ಣವಾದ ವಿಷವೂ ಉತ್ತಮ ಔಷಧವಾಗುವುದೆಂದೂ, ಅಯುಕ್ತವಾಗಿ ಯೋಜಿಸಿದರೆ ಔಷಧವೇ ವಿಷವಾಗುವುದೆಂದೂ ಚರಕಸಂಹಿತೆಯ ಮತ. ಹಾಗಾದರೆ ಹಿರಿಯಾಕೆಗೂ ಹುಡುಗನಿಗೂ ಇರುವ ಭೇದವನ್ನು ವಸ್ತುವಿನಲ್ಲಿ ಹುಡುಕಿ ಫಲವಿಲ್ಲ. ಅದು ಯುಕ್ತಿಯಲ್ಲಿದೆ, ಯುಕ್ತಿಯು ವೈದ್ಯನ ಪರೀಕ್ಷೆಯ ಮೇಲೆ ನಿಂತಿದೆ.

ಇಲ್ಲಿಯೇ ಮೊದಲನೆಯ ಆಕ್ಷೇಪವು ತಲೆಯೆತ್ತುತ್ತದೆ. ದರ್ಶನ, ಸ್ಪರ್ಶನ, ಪ್ರಶ್ನ ಈ ಮೂರರಿಂದ ರೋಗಿಯನ್ನು ಪರೀಕ್ಷಿಸಬೇಕೆಂದು ವೈದ್ಯಶಾಸ್ತ್ರವು ವಿಧಿಸಿದೆ. ಗಾಜಿನ ಫಲಕದಲ್ಲಿ ದರ್ಶನವು ಅರ್ಧ. ಸ್ಪರ್ಶನವು ಇಲ್ಲವೇ ಇಲ್ಲ. ನಾಡಿಯನ್ನು ಹಿಡಿಯದೆ, ಹೊಟ್ಟೆಯನ್ನು ಮುಟ್ಟಿ ನೋಡದೆ ಕೊಡುವುದು ಎಂಥ ಔಷಧ? ಈ ಆಕ್ಷೇಪವು ಬಲವಾದದ್ದು, ಆದರೆ ಪೂರ್ಣವಾದದ್ದಲ್ಲ. ಅಂಗಾಲಿನ ಉರಿಯಿಂದ ಹೆಜ್ಜೆಯಿಡಲಾರದವಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಒಯ್ಯುವುದು ಸ್ಪರ್ಶದ ಮಹಿಮೆಯನ್ನು ಕಾಪಾಡಬಹುದು, ಆಕೆಯನ್ನು ಕಾಪಾಡುವುದಿಲ್ಲ. ಕೇಂದ್ರ ಸರ್ಕಾರದ ಇ-ಸಂಜೀವನಿಯೆಂಬ ವ್ಯವಸ್ಥೆಯಲ್ಲಿ ಹಳ್ಳಿಯ ಆರೋಗ್ಯಕೇಂದ್ರದ ಕಾರ್ಯಕರ್ತರು ರೋಗಿಯ ಪಕ್ಕದಲ್ಲಿ ಕುಳಿತು ದೂರದ ವೈದ್ಯರಿಗೆ ತೋರಿಸುತ್ತಾರೆ. ಅಲ್ಲಿ ಕಣ್ಣು ಒಬ್ಬರದು, ಕೈ ಇನ್ನೊಬ್ಬರದು. ಆದರೂ ಪರೀಕ್ಷೆ ನಡೆಯುತ್ತದೆ. ದೂರವು ತಾನಾಗಿಯೇ ದೋಷವಲ್ಲ.

2020ರ ಮಾರ್ಚಿ 25ರಂದು ಹೊರಟ ದೂರವೈದ್ಯದ ಸೂತ್ರಗಳು ಇದನ್ನೇ ಹೇಳುತ್ತವೆ. ವೈದ್ಯನೂ ರೋಗಿಯೂ ಒಬ್ಬರಿಗೊಬ್ಬರು ಅಜ್ಞಾತರಾಗಿರಕೂಡದು. ದೂರದಿಂದ ನೋಡಿದುದು ಸಾಕೋ ಸಾಲದೋ ಎಂಬುದನ್ನು ವೈದ್ಯನೇ ನಿರ್ಣಯಿಸಬೇಕು. ಯಂತ್ರಬುದ್ಧಿಯು ತಾನೇ ಔಷಧವನ್ನು ಬರೆಯಕೂಡದು. ಜಾಹೀರಾತಿನಿಂದಲೂ ಆಮಿಷದಿಂದಲೂ ರೋಗಿಗಳನ್ನು ಸೆಳೆಯಕೂಡದು. 1985ರ ಕಾಯಿದೆಗೆ ಒಳಪಟ್ಟ ಮಾದಕದ್ರವ್ಯಗಳನ್ನು ಹೀಗೆ ಬರೆಯಲೇಕೂಡದು. ಅದೇ ವರ್ಷ ಆಯುರ್ವೇದ, ಸಿದ್ಧ, ಯುನಾನಿ ವೈದ್ಯರಿಗೂ ಇಂಥ ಸೂತ್ರಗಳು ಹೊರಟವು. ಸೂತ್ರಗಳು ಒಳ್ಳೆಯವು. ಆದರೆ ಯಾವ ಸೂತ್ರವೂ ಒಂದು ಕಡೆಗೆ ಹೋಗಿ ನಿಂತುಬಿಡುತ್ತದೆ. ರೋಗಿಯು ‘ನೋಯುತ್ತದೆ’ ಎಂದರೆ ಅದು ನಿಜವೇ ಎಂಬಲ್ಲಿಗೆ.

ನೋವೆಂಬುದು ಸ್ವಸಂವೇದ್ಯವಾದದ್ದು. ಜ್ವರವನ್ನು ಅಳೆಯಬಹುದು, ಮುರಿದ ಮೂಳೆಯ ಚಿತ್ರವನ್ನು ತೆಗೆಯಬಹುದು. ನೋವನ್ನು ಅನುಭವಿಸುವವನ ಹೊರತು ಮತ್ತಾರೂ ಕಾಣಲಾರರು. ವೈದ್ಯನಿಗೆ ಪ್ರತ್ಯಕ್ಷವಿಲ್ಲ, ಅನುಮಾನಕ್ಕೆ ಲಿಂಗವು ಅಲ್ಪ, ಉಳಿದಿರುವುದು ಶಬ್ದಪ್ರಮಾಣವೊಂದೇ. ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕೆಂದು ನೈಯಾಯಿಕರು ಹೇಳುತ್ತಾರೆ. ಕಂಡದ್ದನ್ನು ಕಂಡಂತೆ ಹೇಳುವವನೇ ಆಪ್ತ. ಬೇರೆ ವಿಷಯಗಳಲ್ಲಿ ಗುರುವೋ ಶಾಸ್ತ್ರವೋ ಆಪ್ತವಾದರೆ, ನೋವಿನ ವಿಷಯದಲ್ಲಿ ರೋಗಿಯೇ ಆಪ್ತ. ವೈದ್ಯನು ಎಷ್ಟೇ ಪಂಡಿತನಾಗಲಿ, ಓದು ಬರಹವಿಲ್ಲದ ಮುದುಕಿಯ ಬಾಯಿಂದ ಬಂದ ಒಂದು ಮಾತನ್ನು ನಂಬಿ ನಡೆಯಬೇಕಾಗಿದೆ.

ಈಗ ಹುಡುಗನ ಪಕ್ಷವನ್ನು ಕೇಳಬೇಕು. ಅವನು ಹೇಳಬಹುದು: “ನಾನು ಯಾರ ಗಂಟನ್ನೂ ಕದಿಯಲಿಲ್ಲ. ಹಣ ನನ್ನದು, ದೇಹ ನನ್ನದು. ಪಟ್ಟಿಯಲ್ಲಿ ಹತ್ತು ರೋಗಗಳ ಹೆಸರಿವೆ, ಒಂದನ್ನು ಗುರುತುಮಾಡಿದೆ. ಇದರಿಂದ ಯಾರಿಗೆ ನಷ್ಟ?” ಅವನಿಗೆ ನಿದ್ರೆ ಬಾರದಿರುವುದು ನಿಜವೇ ಆಗಿರಬಹುದು, ಅದೂ ಬಾಧೆಯೇ. ಅದನ್ನು ಇದ್ದಂತೆ ಹೇಳಿಕೊಂಡರೆ ವೈದ್ಯನು ವಿಚಾರಿಸಿ, ಆ ವಯಸ್ಸಿಗೆ ತಕ್ಕ ಬೇರೆ ಉಪಾಯವನ್ನು ಹೇಳಿಯಾನು. ಎಳೆಯ ಮಿದುಳಿಗೆ ಗಾಂಜಾದಿಂದ ಅಪಾಯ ಹೆಚ್ಚೆಂಬುದನ್ನೂ ತಿಳಿಸಿಯಾನು. ಉಪಶಮನವನ್ನು ಬಯಸಿದುದು ಅವನ ದೋಷವಲ್ಲ. ಇಲ್ಲದ ಬೆನ್ನುನೋವನ್ನು ಹೆಸರಿಸುವುದು ದೋಷ. ರೋಗಕ್ಕೆ ಔಷಧವನ್ನು ಹುಡುಕುವುದಕ್ಕೆ ಬದಲಾಗಿ ಅವನು ಔಷಧಕ್ಕೆ ತಕ್ಕ ರೋಗವನ್ನು ಹುಡುಕಿದನು.

ನಷ್ಟವು ಯಾರಿಗೆ? ದಾವಣಗೆರೆಯಲ್ಲಿ ಹತ್ತಿಯ ವ್ಯಾಪಾರವು ಬಹುಕಾಲ ನಡೆದದ್ದು; ಆ ವ್ಯಾಪಾರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬನು ತೂಕ ಹೆಚ್ಚಲೆಂದು ಅಂಡಿಗೆಗೆ ನೀರು ಚಿಮುಕಿಸಿದನೆಂದರೆ ಕೊಂಡವನೊಬ್ಬನಿಗೆ ಮಾತ್ರ ನಷ್ಟವಾಗುವುದಿಲ್ಲ. ಮರುದಿನದಿಂದ ಕೊಳ್ಳುವವನು ಎಲ್ಲರ ಅಂಡಿಗೆಗೂ ಕೈಹಾಕಿ ನೋಡುತ್ತಾನೆ, ಎಲ್ಲರ ಬೆಲೆಯಲ್ಲಿಯೂ ಸ್ವಲ್ಪ ಮುರಿಯುತ್ತಾನೆ. ಒಣಗಿಸಿ ತಂದ ಪ್ರಾಮಾಣಿಕ ರೈತನು ನೀರು ಹಾಕಿದವನ ದಂಡವನ್ನು ತೆರುತ್ತಾನೆ. ನೋವಿನ ಮಾತೂ ಹಾಗೆಯೇ. ಸುಳ್ಳು ಬೆನ್ನುನೋವುಗಳನ್ನು ನೂರು ಸಲ ಕೇಳಿದ ವೈದ್ಯನು ನೂರ ಒಂದನೆಯ ಸಲ ಹರಿಹರದ ಹಿರಿಯಾಕೆಯ ಮಾತನ್ನು ಕೇಳುವಾಗ ಅವನ ಮುಖದಲ್ಲಿ ಒಂದು ಸಂಶಯದ ರೇಖೆ ಮೂಡಿರುತ್ತದೆ. ಆಕೆಗೆ ಮಾತಿನ ಹೊರತು ಬೇರೆ ಸಾಕ್ಷಿಯಿಲ್ಲ. ಸುಳ್ಳು ಹೇಳಿ ಚೀಟಿ ಪಡೆದವನು ಕದ್ದದ್ದು ಆ ಸಾಕ್ಷಿಯನ್ನು. ತನ್ನ ದೊಡ್ಡವ್ವನ ನರಳಿಕೆಯ ಬೆಲೆಯನ್ನು ತಾನು ಇಳಿಸಿದೆನೆಂಬುದು ಹುಡುಗನಿಗೆ ತಿಳಿಯುವುದಿಲ್ಲ. ಆದುದರಿಂದಲೇ ಅವನು ‘ಯಾರಿಗೆ ನಷ್ಟ’ ಎಂದು ನಿಷ್ಕಪಟವಾಗಿ ಕೇಳುತ್ತಾನೆ.

ಎದುರಿಗೆ ಕುಳಿತ ವೈದ್ಯನನ್ನೂ ವಂಚಿಸಬಹುದಲ್ಲವೇ ಎಂದರೆ, ವಂಚಿಸಬಹುದು. ಆದರೆ ಊರಿನ ವೈದ್ಯನು ಮರುವಾರ ಮಂಡಿಪೇಟೆಯಲ್ಲಿ ಎದುರಾಗಿ, “ಏನಪ್ಪಾ, ಬೆನ್ನು ಹೇಗಿದೆ?” ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆಯು ಸುಳ್ಳಿಗೆ ದೊಡ್ಡ ತಡೆ. ಹತ್ತು ನಿಮಿಷದ ಫಲಕದಲ್ಲಿ ಕಳೆದುಹೋಗುವುದು ಸ್ಪರ್ಶಕ್ಕಿಂತ ಹೆಚ್ಚಾಗಿ ಈ ಅನುಬಂಧವೇ. ವೈದ್ಯನು ಮತ್ತೆ ಕೇಳುವುದಿಲ್ಲ, ರೋಗಿಯು ಮತ್ತೆ ಹೇಳುವುದಿಲ್ಲ. ಹಣವು ಚೀಟಿಗಾಗಿಯೇ ಸಂದಾಯವಾಗಿರುವಲ್ಲಿ, ಅದರಲ್ಲಿಯೂ ಔಷಧವನ್ನು ಮಾರುವವನೇ ವೈದ್ಯನಿಗೆ ಸಂಬಳ ಕೊಡುವಲ್ಲಿ, ಪ್ರಶ್ನವೂ ಒಂದು ಕರ್ಮಾಂಗವಾಗಿ ಇಳಿಯುತ್ತದೆ. ಸಂಶಯಪಡುವ ವೈದ್ಯನು ರೋಗಿಗೆ ಮಾಡುವ ಅನ್ಯಾಯವು ಒಂದು ಬಗೆ. ನಂಬುವುದೂ ಇಲ್ಲದೆ ಸಂಶಯಿಸುವುದೂ ಇಲ್ಲದೆ ಸಹಿ ಹಾಕುವವನ ಅನ್ಯಾಯವು ಅದಕ್ಕಿಂತ ದೊಡ್ಡದು. ಅವನು ಮಾತನ್ನು ಕೇಳಲೇ ಇಲ್ಲ.

ಇದು ವೃಥಾ ತತ್ತ್ವವಲ್ಲ. ದೇಹಕ್ಕೆ ಸಂಬಂಧಿಸಿದ ಮಾತು. ಧೂಮವಾಗಿ ಒಳಹೊಕ್ಕದ್ದು ಕೆಲವು ನಿಮಿಷಗಳಲ್ಲಿ ತನ್ನ ಗುಣವನ್ನು ತೋರಿಸುತ್ತದೆ. ನುಂಗಿದುದು ಅರ್ಧ ಗಂಟೆಯಿಂದ ಎರಡು ಗಂಟೆ ತೆಗೆದುಕೊಳ್ಳಬಹುದು. ಗುಣ ಕಾಣಲಿಲ್ಲವೆಂದು ಮತ್ತೊಂದು ಪ್ರಮಾಣವನ್ನು ನುಂಗಿದ ಮುದುಕಿಗೆ ನಡುರಾತ್ರಿಯಲ್ಲಿ ತಲೆಸುತ್ತು ಬಂದು ಬಚ್ಚಲಿನಲ್ಲಿ ಬೀಳುವುದು ಕಷ್ಟವಲ್ಲ. ರಕ್ತವನ್ನು ತೆಳುಮಾಡುವ ಔಷಧ, ನಿದ್ರೆಯ ಗುಳಿಗೆ ಇವುಗಳೊಡನೆ ಇದು ಕೂಡಿದರೆ ಆಗುವ ವಿಕಾರವು ಬೇರೆ. ‘ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕದ್ದು’ ಎಂದು ಸೀಸೆಯ ಮೇಲೆ ಅಚ್ಚಾಗಿರುವ ಮಾತಿಗೆ ಒಬ್ಬ ಮನುಷ್ಯನು ಮೇಲ್ವಿಚಾರಕನಾಗಿ ಇರಬೇಕೆಂಬುದೇ ಅರ್ಥ.

ಇಷ್ಟನ್ನು ಕೇಳಿ, ‘ಹಾಗಾದರೆ ಈ ಗೊಡವೆಯೇ ಬೇಡ, ಎಲ್ಲವನ್ನೂ ನಿಷೇಧಿಸುವುದೇ ಲೇಸು’ ಎನ್ನುವವರುಂಟು. ಅವರು ಮಾರ್ಫಿನಿನ ಕಥೆಯನ್ನು ನೆನೆಯಬೇಕು. ದುರುಪಯೋಗವನ್ನು ತಡೆಯಲೆಂದು 1985ರ ಕಾಯಿದೆಯು ಹಾಕಿದ ಬೇಲಿಗಳಿಂದ ಆಸ್ಪತ್ರೆಗಳಿಗೆ ಮಾರ್ಫಿನು ದೊರೆಯುವುದು ಬಹಳ ಕಡಮೆಯಾಯಿತು. ಅಫೀಮನ್ನು ಬೆಳೆಯುವ ದೇಶದಲ್ಲಿಯೇ ಕ್ಯಾನ್ಸರಿನ ರೋಗಿಗಳು ಅದಿಲ್ಲದೆ ನರಳಿದರು. ಕಡೆಗೆ 2014ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ‘ಅತ್ಯಾವಶ್ಯಕ ಮಾದಕ ಔಷಧಗಳು’ ಎಂಬ ವರ್ಗವನ್ನು ಏರ್ಪಡಿಸಿ, ಬೇಲಿಯಲ್ಲಿ ಒಂದು ಬಾಗಿಲನ್ನು ಇಟ್ಟಿತು. ಸುಮಾರು ಮೂವತ್ತು ವರ್ಷ, ದುಷ್ಟನು ಒಳಗೆ ಬಾರದಿರಲೆಂದು ರೋಗಿಯನ್ನು ಹೊರಗೆ ನಿಲ್ಲಿಸಿದಂತಾಗಿತ್ತು. 1893–94ರಲ್ಲಿ ಆಂಗ್ಲಪ್ರಭುತ್ವವು ನೇಮಿಸಿದ ಗಾಂಜಾ ಆಯೋಗವು 1,193 ಸಾಕ್ಷಿಗಳನ್ನು ವಿಚಾರಿಸಿ, ಪೂರ್ಣ ನಿಷೇಧಕ್ಕಿಂತ ನಿಯಂತ್ರಣವೇ ಯುಕ್ತವೆಂದು ಹೇಳಿತ್ತು. ಆ ಮಾತು ಆಗ ಸುಂಕಕ್ಕೂ ಸಂಬಂಧಿಸಿತ್ತು; ಆದರೂ ಸಾವಿರ ಜನರ ಬಾಯಿಂದ ಕೇಳಿ ನಿರ್ಣಯಿಸಿದರೆಂಬುದು ಗಮನಿಸತಕ್ಕದ್ದು. ಇತರರ ಪಾಪಕ್ಕಾಗಿ ನೊಂದವರನ್ನು ದಂಡಿಸುವುದು ಧರ್ಮವಾಗಲಾರದು.

ಆದುದರಿಂದ ಹರಿಹರದ ಯಜಮಾನರು ಮಗನ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ‘ಭಂಗಿ’ ಎಂಬ ಬೈಗುಳಕ್ಕೆ ಹೆದರಿ ಪತ್ನಿಯ ಉರಿಯನ್ನು ಉರಿಯಲು ಬಿಡಬೇಕಾಗಿಯೂ ಇಲ್ಲ. ಮೊದಲು ಅವರು ದಾವಣಗೆರೆಯಲ್ಲಿ ಆಕೆಗೆ ಚಿಕಿತ್ಸೆ ಮಾಡುತ್ತಿರುವ ವೈದ್ಯರನ್ನು ಕೇಳಲಿ. ಅವರಿಗೆ ತಿಳಿಸದೆ ತರಿಸಿದ ಔಷಧವು ಎಷ್ಟು ಶಾಸ್ತ್ರೀಯವಾಗಿದ್ದರೂ ಅಯುಕ್ತವೇ. ಅವರು ಒಪ್ಪಿದರೆ ನೋಂದಣಿಯುಳ್ಳ ಆಯುರ್ವೇದ ವೈದ್ಯರೊಡನೆ ದೂರವಾಣಿಯಲ್ಲಿಯೇ ಮಾತನಾಡಲಿ. ನಡೆಯುತ್ತಿರುವ ಔಷಧಗಳನ್ನೆಲ್ಲ ಮರೆಮಾಚದೆ ಹೇಳಲಿ. ನೋವನ್ನು ಚೀಟಿ ದೊರೆಯಲೆಂದು ಹೆಚ್ಚಿಸಿ ಹೇಳುವುದೂ ಬೇಡ. ಅಂಥ ಗೃಹಿಣಿಯರ ಸ್ವಭಾವದಂತೆ, ‘ಏನೂ ಇಲ್ಲ ಬಿಡಿ, ತಡೆದುಕೊಳ್ಳುತ್ತೇನೆ’ ಎಂದು ಅಡಗಿಸುವುದೂ ಬೇಡ. ಸುಳ್ಳಿನಿಂದ ಹೇಗೋ ಹಾಗೆಯೇ ಈ ಸಂಕೋಚದಿಂದಲೂ ವೈದ್ಯನು ದಾರಿ ತಪ್ಪುತ್ತಾನೆ. ಮುಂದಿನ ವಾರ ಮತ್ತೆ ಕೇಳುವೆನೆನ್ನುವ ವೈದ್ಯನನ್ನೇ ಆರಿಸಿಕೊಳ್ಳಲಿ. ಹಾಗೆನ್ನದವನು ಚೀಟಿಯನ್ನು ಎಷ್ಟು ಬೇಗ ಕೊಟ್ಟರೂ ಅವನನ್ನು ಬಿಡಲಿ.

ಗಾಜಿನ ಆಚೆಗಿರುವವನಿಗೆ ಇಲ್ಲದ ಕೈಯನ್ನು ಮನೆಯವರು ಕೊಡಬೇಕು. ಎಷ್ಟು ಹನಿ, ಎಷ್ಟು ಹೊತ್ತಿಗೆ, ಆಮೇಲೆ ಏನಾಯಿತು ಎಂಬುದನ್ನು ಬರೆದಿಡಲು ಒಬ್ಬರು ಬೇಕು. ರಾತ್ರಿ ಆಕೆಯು ಎದ್ದಾಗ ತೋಳು ಹಿಡಿಯಲು ಒಬ್ಬರು ಬೇಕು. ನಿದ್ರೆ ಬಾರದೆಂದ ಹುಡುಗನಿಗೆ ರಜೆಯ ದಿನಗಳಲ್ಲಿ ಈ ಕೆಲಸವನ್ನು ಒಪ್ಪಿಸಿದರೆ ತಪ್ಪಾಗಲಾರದು. ನಾಲ್ಕು ರಾತ್ರಿ ದೊಡ್ಡವ್ವನ ಪಕ್ಕದಲ್ಲಿ ಕುಳಿತವನು ನೋವೆಂಬ ಮಾತನ್ನು ಪಟ್ಟಿಯಲ್ಲಿ ಗುರುತುಮಾಡುವ ಮೊದಲು ಸ್ವಲ್ಪ ತಡೆದಾನು.

ಔಷಧವು ಆಕೆಗೆ ಹಿಡಿಯದೆ ಹೋಗಲೂಬಹುದು. ಅನೇಕರಿಗೆ ಹಿಡಿದಿದೆ, ಅನೇಕರಿಗೆ ಹಿಡಿದಿಲ್ಲ. ಮಗನು ಸಂಜೆ ಅಷ್ಟು ದೂರದಿಂದ ಆಸೆಯಿಂದ ವಿಚಾರಿಸುವಾಗ, “ಗುಣ ಕಾಣಲಿಲ್ಲಪ್ಪಾ” ಎಂದು ಹೇಳುವುದು ತಾಯಿಗೆ ಸುಲಭವಲ್ಲ. ಆದರೂ ಅದನ್ನು ಇದ್ದಂತೆಯೇ ಹೇಳಬೇಕು, ವೈದ್ಯರಿಗಂತೂ ಹೇಳಲೇಬೇಕು. ಮುಂದಿನ ಉಪಾಯವು ಅಲ್ಲಿಂದಲೇ ಹೊರಡತಕ್ಕದ್ದು.